ಸಾಕ್ಷ್ಯಚಿತ್ರ ಒಂದು ಪಕ್ಷ ವಹಿಸಿದರೆ ತಪ್ಪೇ?

ವೀರಪ್ಪನ್ ಸತ್ತು ಇಪ್ಪತ್ತು ವರ್ಷ ದಾಟಿದೆ. ಆದರೂ ನಮ್ಮ ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಅವನ ಮಾತು ನಿಂತಿಲ್ಲ. 2023ರಲ್ಲಿ ಒಂದೇ ವರ್ಷದೊಳಗೆ ಅವನ ಕುರಿತು ಎರಡು ಸಾಕ್ಷ್ಯಚಿತ್ರ ಸರಣಿಗಳು ಬಂದವು. ಆಗಸ್ಟ್ 4ರಂದು ನೆಟ್‌ಫ್ಲಿಕ್ಸ್‌ನಲ್ಲಿ ‘ದಿ ಹಂಟ್ ಫಾರ್ ವೀರಪ್ಪನ್’ ಎಂಬ ನಾಲ್ಕು ಕಂತಿನ ಸರಣಿ ಬಂತು. ಅದರ ನಿರ್ದೇಶಕರು ಸೆಲ್ವಮಣಿ ಸೆಲ್ವರಾಜ್. ಡಿಸೆಂಬರಿನಲ್ಲಿ ಜೀ5ರಲ್ಲಿ ‘ಕೂಸೆ ಮುನಿಸಾಮಿ ವೀರಪ್ಪನ್’ ಎಂಬ ತಮಿಳು ಸರಣಿ ಬಂತು. ಶರತ್ ಜ್ಯೋತಿ ನಿರ್ದೇಶನದ ಆರು ಕಂತುಗಳು. ಎರಡನ್ನೂ ನಮ್ಮ ಜನ ಫೋನಿನಲ್ಲಿ ನೋಡಿದರು, ಮಕ್ಕಳೂ ಕದ್ದು ನೋಡಿದರು. ಆಮೇಲೆ ಶುರುವಾಯಿತು ನೋಡಿ ವಾದ.

ನನಗೆ ಎರಡೂ ಕಡೆಯ ಗೆಳೆಯರಿದ್ದಾರೆ. ಕನ್ನಡ ಶಾಲೆಗಳಲ್ಲಿ ಪಾಠ ಹೇಳಿದವನು, ತಮಿಳಿನಲ್ಲೂ ಓದಿದವನು, ಹಾಗಾಗಿ ಎರಡೂ ಪಡಸಾಲೆಗಳಲ್ಲಿ ನನಗೆ ಕುರ್ಚಿ ಉಂಟು. ಕನ್ನಡದ ಪಡಸಾಲೆಯಲ್ಲಿ ಕೇಳಿದ್ದು: “ಮೇಷ್ಟ್ರೇ, ಕಳ್ಳನನ್ನು ನಾಯಕ ಮಾಡಿಬಿಟ್ಟಿದ್ದಾರೆ. ಇದೂ ಒಂದು ಸಾಕ್ಷ್ಯಚಿತ್ರವೇ?” ತಮಿಳಿನ ಪಡಸಾಲೆಯಲ್ಲಿ ಕೇಳಿದ್ದು: “ಸಾರ್, ಪೊಲೀಸಿನವರು ಊರೂರಿಗೆ ಕೊಟ್ಟ ಹಿಂಸೆಯನ್ನು ಸಾಕಷ್ಟು ತೋರಿಸಲಿಲ್ಲ. ಇದೂ ಒಂದು ಸಾಕ್ಷ್ಯಚಿತ್ರವೇ?” ಪ್ರಶ್ನೆ ಎರಡೂ ಕಡೆ ಒಂದೇ. ಸಾಕ್ಷ್ಯಚಿತ್ರ ಅಂದಮೇಲೆ ಪಕ್ಷಪಾತ ಇರಕೂಡದು, ತಕ್ಕಡಿ ಹಿಡಿದಂತೆ ಇರಬೇಕು ಎಂಬುದು ಇಬ್ಬರ ನಂಬಿಕೆ. ಗಡಿಭಾಗದ ಶಾಲೆಗಳ ಉಪಾಧ್ಯಾಯರೂ ಇದೇ ನಂಬಿಕೆಯಲ್ಲಿದ್ದಾರೆ. ಪಠ್ಯಪುಸ್ತಕ ಹೇಗೋ ಹಾಗೆ ಸಾಕ್ಷ್ಯಚಿತ್ರ, ಸಿನಿಮಾ ಬೇರೆ, ಅದು ಸುಳ್ಳು, ಇದು ನಿಜ ಎಂದು ತರಗತಿಯಲ್ಲಿ ಹೇಳಿಬಿಡುತ್ತಾರೆ.

ನನ್ನ ಅಭಿಪ್ರಾಯ ಬೇರೆ. ಸಾಕ್ಷ್ಯಚಿತ್ರ ಪಕ್ಷ ವಹಿಸಬಹುದು. ಕೆಲವು ಸಂದರ್ಭಗಳಲ್ಲಿ ವಹಿಸಲೇಬೇಕು. ಆದರೆ ತಾನು ಯಾರ ಪಕ್ಕ ಕೂತಿದ್ದೇನೆ ಎಂಬುದನ್ನು ನೋಡುವವರಿಂದ ಮುಚ್ಚಿಡಕೂಡದು. ಇಷ್ಟನ್ನು ನಮ್ಮ ನೆಲದ ಉದಾಹರಣೆಗಳಿಂದಲೇ ಹೇಳಲು ಪ್ರಯತ್ನಿಸುತ್ತೇನೆ. ಓದುಗರು ಒಪ್ಪದಿದ್ದರೂ ಚಿಂತೆಯಿಲ್ಲ, ಕೊನೆಯವರೆಗೆ ಓದಿದರೆ ಸಾಕು.

ಮೊದಲು ಭಾಷೆಯ ವಿಷಯ. ಈ ಲೇಖನದ ಎರಡನೆಯ ಸಾಲಿನಲ್ಲಿ ನಾನು ‘ಅವನ ಮಾತು’ ಎಂದು ಬರೆದೆ, ‘ಅವರ ಮಾತು’ ಎನ್ನಲಿಲ್ಲ. ನೀವು ಗಮನಿಸಿದಿರೋ ಇಲ್ಲವೋ. ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ವೀರಪ್ಪನ್ ಬಗ್ಗೆ ಒಂದು ವಾಕ್ಯ ಹೇಳಬೇಕಾದರೂ ಮೊದಲು ಒಂದು ಪಕ್ಷ ಸೇರಬೇಕು. ‘ಬಂದ’ ಎನ್ನಬೇಕು, ಇಲ್ಲವೇ ‘ಬಂದರು’ ಎನ್ನಬೇಕು. ತಮಿಳಿನಲ್ಲಿ ‘ವಂದಾನ್’, ಇಲ್ಲವೇ ‘ವಂದಾರು’. ನಡುವೆ ನಿಲ್ಲಲು ಜಾಗವೇ ಇಲ್ಲ. ಮುತ್ತುಲಕ್ಷ್ಮಿಯವರು ನೆಟ್‌ಫ್ಲಿಕ್ಸ್ ಸರಣಿಯಲ್ಲಿ ಗಂಡನ ಬಗ್ಗೆ ಮಾತಾಡುವಾಗ ನಮ್ಮ ಕಡೆಯ ಯಾವ ಹೆಂಡತಿಯಾದರೂ ಮಾತಾಡುವ ಹಾಗೆ ಗೌರವ ಕೊಟ್ಟೇ ಮಾತಾಡಬೇಕು. ಅವನ ಬೆನ್ನು ಹತ್ತಿದ ಅಧಿಕಾರಿ ಏಕವಚನದಲ್ಲಿ ಮಾತಾಡುತ್ತಾನೆ, ಅವನ ಗೆಳೆಯರು ಸತ್ತಿದ್ದಾರೆ. ಕೆಳಗೆ ಬರುವ ಇಂಗ್ಲಿಷ್ ಅಡಿಬರಹದಲ್ಲಿ ಇಬ್ಬರ ಮಾತಿಗೂ ಒಂದೇ ‘ಹೀ’. ಇಂಗ್ಲಿಷಿನಲ್ಲಿ ಓದಿದವನಿಗೆ ಇಬ್ಬರೂ ಸಮಾನ ದೂರದಲ್ಲಿ ನಿಂತು ಮಾತಾಡಿದಂತೆ ಕಾಣುತ್ತದೆ. ಮೂಲದಲ್ಲಿ ಕೇಳಿದವನಿಗೆ ಗೊತ್ತು, ಒಬ್ಬರು ಮನೆಯ ಒಳಗಿನಿಂದ ಮಾತಾಡಿದ್ದು, ಇನ್ನೊಬ್ಬರು ಬಂದೂಕಿನ ಹಿಂದಿನಿಂದ.

ಇನ್ನೊಂದು ಸೂಕ್ಷ್ಮ ಹೇಳುತ್ತೇನೆ. ಹಳ್ಳಿಯ ಹೆಂಗಸೊಬ್ಬಳು ತಮಿಳಿನಲ್ಲಿ ‘ಅಡಿಚ್ಚಾಂಗ’ ಎನ್ನುತ್ತಾಳೆ. ಕನ್ನಡದಲ್ಲಿ ‘ಹೊಡೆದ್ರು’. ಯಾರು ಹೊಡೆದರು? ಆ ಮಾತಿನಲ್ಲಿ ಇಲ್ಲ. ಕೇಳುವ ನೆರೆಯವಳಿಗೆ ಗೊತ್ತು, ಹೇಳುವವಳಿಗೆ ಭಯ. ಆದ್ದರಿಂದಲೇ ಕರ್ತೃಪದ ಬಿಟ್ಟುಹೋಗಿದೆ. ನಾವು ವ್ಯಾಕರಣದ ತರಗತಿಯಲ್ಲಿ ಇದನ್ನು ‘ಅಧ್ಯಾಹಾರ’ ಎಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ಆದರೆ ಇಂಗ್ಲಿಷಿಗೆ ಹೋಗುವಾಗ ಅಡಿಬರಹ ಬರೆಯುವವನು ಒಂದು ಕರ್ತೃವನ್ನು ತಂದು ಕೂರಿಸಬೇಕು. ‘ಪೊಲೀಸರು ಹೊಡೆದರು’ ಎಂದು ಬರೆದರೆ ಅವಳು ಹೇಳದ ಹೆಸರನ್ನು ಅವಳ ಬಾಯಲ್ಲಿ ಹಾಕಿದಂತಾಯಿತು. ‘ನನಗೆ ಏಟು ಬಿತ್ತು’ ಎಂದು ಬರೆದರೆ ಹೊಡೆದವನು ತಪ್ಪಿಸಿಕೊಂಡ. ಯಾವುದು ನಿಷ್ಪಕ್ಷಪಾತ ಹೇಳಿ? ಎರಡು ಭಾಷೆ ಬಲ್ಲವನು ಮಾತ್ರ ಇಲ್ಲಿ ಏನು ನಡೆಯಿತು ಎಂಬುದನ್ನು ಹಿಡಿಯಬಲ್ಲ. ನಮ್ಮ ಗಡಿನಾಡ ಮಕ್ಕಳಿಗೆ ಇರುವ ದೊಡ್ಡ ಅನುಕೂಲ ಇದು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪತ್ರಿಕೆಗಳೂ ಆ ಕಾಲದಲ್ಲಿ ಇದೇ ಕೆಲಸ ಮಾಡಿದವು. ಕನ್ನಡ ಪತ್ರಿಕೆಗಳಲ್ಲಿ ‘ದಂತಚೋರ’, ‘ಕಾಡುಗಳ್ಳ’, ‘ನರಹಂತಕ’ ಎಂಬ ಪದಗಳು ಆ ಹೆಸರಿನ ಇನಿಷಿಯಲ್ ಇದ್ದ ಹಾಗೆ ಬರುತ್ತಿದ್ದವು. ತಮಿಳಿನಲ್ಲಿ ‘ಸಂದನ ಕಡತ್ತಲ್’ ಎಂಬುದು ಸಾಮಾನ್ಯ, ಅಂದರೆ ಗಂಧದ ಸಾಗಾಣಿಕೆಯವನು. ಒಬ್ಬನೇ ಮನುಷ್ಯ, ಮೆಟ್ಟೂರಿನ ಆಚೆ ಕೊಲೆಗಾರ, ಈಚೆ ಸರಕು ಸಾಗಿಸುವವನು. ನೂರಕ್ಕೂ ಹೆಚ್ಚು ಜನರನ್ನು ಕೊಂದವನು ಎಂಬುದು ಎರಡೂ ರಾಜ್ಯದ ದಫ್ತರಗಳಲ್ಲಿ ಇರುವ ಮಾತು. ಆದ್ದರಿಂದ ನಾನು ‘ಅವನು’ ಎನ್ನುತ್ತೇನೆ. ನನ್ನ ಪಕ್ಷ ಅದು, ತಿಳಿದೇ ಬರೆದದ್ದು, ನಿಮಗೂ ತಿಳಿಸಿದ್ದೇನೆ.

ಇದನ್ನು ಕನ್ನಡ ತಮಿಳುಗಳ ಜಗಳ ಎಂದು ತಿಳಿಯುವವರು ಭೂಪಟವನ್ನು ಸರಿಯಾಗಿ ನೋಡಿಲ್ಲ. ವೀರಪ್ಪನ್ ಹುಟ್ಟಿದ ಗೋಪಿನಾಥಂ ಕರ್ನಾಟಕದ ಚಾಮರಾಜನಗರ ಜಿಲ್ಲೆಯಲ್ಲಿದೆ, ಆದರೆ ಊರಿನ ಮಾತು ತಮಿಳು. 2000ದ ಜುಲೈ 30ರ ರಾತ್ರಿ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ ಗಾಜನೂರು ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಸೀಮೆಯಲ್ಲಿದೆ, ಆದರೆ ಅಲ್ಲಿಯ ಮಾತು ಕನ್ನಡ. 2004ರ ಅಕ್ಟೋಬರ್ 18ರಂದು ಅವನು ಗುಂಡಿಗೆ ಬಿದ್ದದ್ದು ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಹತ್ತಿರ. ಹೂತದ್ದು ಸೇಲಂ ಜಿಲ್ಲೆ ಮೆಟ್ಟೂರಿನ ಬಳಿಯ ಮೂಲಕ್ಕಾಡಿನಲ್ಲಿ. ತಮಿಳು ಮಾತಾಡುವ ಕರ್ನಾಟಕದ ಹಳ್ಳಿ, ಕನ್ನಡ ಮಾತಾಡುವ ತಮಿಳುನಾಡಿನ ಹಳ್ಳಿ, ಇವೆರಡರ ನಡುವಿನ ಕಾಡು. ಅಲ್ಲಿದ್ದವರಿಗೆ ರಾಜ್ಯದ ಗೆರೆಗಿಂತ ಪೊಲೀಸ್ ಜೀಪು ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದೇ ಮುಖ್ಯವಾಗಿತ್ತು.

ಹೀಗೆ ಗೆರೆ ಕಲಸಿಹೋದ ಜಾಗದಲ್ಲಿ ಕ್ಯಾಮೆರಾ ಎಲ್ಲಿ ನಿಲ್ಲಿಸಬೇಕು? ಎಲ್ಲಿ ನಿಲ್ಲಿಸಿದರೂ ಯಾರದೋ ಅಂಗಳದಲ್ಲೇ ನಿಲ್ಲಿಸಬೇಕು. ‘ಕೂಸೆ ಮುನಿಸಾಮಿ ವೀರಪ್ಪನ್’ ಸರಣಿಯ ಜೀವಾಳ ವೀರಪ್ಪನ್ ಸ್ವತಃ ಮಾತಾಡಿರುವ ದೃಶ್ಯಗಳು. ಅವನ್ನು ತೊಂಬತ್ತರ ದಶಕದಲ್ಲಿ ಕಾಡಿಗೆ ಹೋಗಿ ಚಿತ್ರೀಕರಿಸಿಕೊಂಡು ಬಂದವರು ‘ನಕ್ಕೀರನ್’ ಪತ್ರಿಕೆಯವರು. ಆ ಪತ್ರಿಕೆಯ ಸಂಪಾದಕ ಗೋಪಾಲ್ ಅವರೇ ರಾಜ್‌ಕುಮಾರ್ ಅಪಹರಣದ ಕಾಲದಲ್ಲಿ ಸಂಧಾನಕ್ಕೆ ಹೋದವರು. 2003ರಲ್ಲಿ ಪೋಟಾ ಕಾಯಿದೆಯಲ್ಲಿ ಬಂಧನಕ್ಕೂ ಒಳಗಾದರು. ಅಂದರೆ ಈ ಕಥೆಯನ್ನು ಹೇಳುತ್ತಿರುವವರು ಕಥೆಯೊಳಗಿನ ಪಾತ್ರವೂ ಹೌದು. ಹೆಸರಲ್ಲೇ ತಂದೆಯ ಹೆಸರು ಸೇರಿಸಿ ‘ಕೂಸೆ ಮುನಿಸಾಮಿ ವೀರಪ್ಪನ್’ ಎಂದು ಇಟ್ಟಿದ್ದಾರೆ. ಮನೆತನದ ಹೆಸರಿಟ್ಟು ಕರೆಯುವವನು ವೈರಿಯ ದನಿಯಲ್ಲಿ ಮಾತಾಡುವುದಿಲ್ಲ ಎಂಬುದು ಶೀರ್ಷಿಕೆ ಓದಿದಾಗಲೇ ಗೊತ್ತಾಗುತ್ತದೆ. ನನಗೆ ಇದರಲ್ಲಿ ಆಕ್ಷೇಪವಿಲ್ಲ. ಅವನ ಬಾಯಿಂದ ಅವನ ಮಾತು ಕೇಳುವುದು ಇತಿಹಾಸಕ್ಕೆ ಬೇಕಾದದ್ದೇ.

ಆದರೆ ನೋಡುವವರು ಒಂದು ಪ್ರಶ್ನೆ ಇಟ್ಟುಕೊಂಡು ನೋಡಬೇಕು. ಕಾಡಿನ ನಡುವೆ, ಸುತ್ತ ಬಂದೂಕು ಹಿಡಿದವರು ಕೂತಿರುವಾಗ, ಕ್ಯಾಮೆರಾ ಹಿಡಿದವನಿಗೆ ಎರಡನೆಯ ಪ್ರಶ್ನೆ ಕೇಳುವ ಧೈರ್ಯ ಇರುತ್ತದೆಯೇ? ಮೊದಲ ಪ್ರಶ್ನೆ ಯಾರಾದರೂ ಕೇಳುತ್ತಾರೆ. ಉತ್ತರ ಬಂದಮೇಲೆ “ಹಾಗಾದರೆ ಅರಣ್ಯಾಧಿಕಾರಿ ಶ್ರೀನಿವಾಸರನ್ನು ಏಕೆ ಕೊಂದಿರಿ?” ಎಂದು ಕೇಳಬೇಕಲ್ಲ. ಗೋಪಿನಾಥದಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟು, ಜನರಿಗೆ ಔಷಧಿ ನೀರು ನೋಡಿಕೊಂಡು, ಶರಣಾಗುವಂತೆ ಮನವೊಲಿಸಲು ನೋಡಿದ ಪಿ. ಶ್ರೀನಿವಾಸ್ 1991ರ ನವೆಂಬರಿನಲ್ಲಿ ಅವನನ್ನು ನಂಬಿ ಹೋಗಿ ಕೊಲೆಯಾದರು. ಅವರ ಬಳಿ ಯಾರೂ ಕ್ಯಾಮೆರಾ ತೆಗೆದುಕೊಂಡು ಹೋಗಿರಲಿಲ್ಲ. ಸತ್ತವರಿಗೆ ಬೈಟ್ ಇಲ್ಲ. ಬದುಕಿ ಉಳಿದವನ ಮಾತು ಗಂಟೆಗಟ್ಟಲೆ ಇದೆ, ಸತ್ತವನದು ಒಂದು ಫೋಟೋ. ಯಾರೂ ಬೇಕೆಂದು ಮಾಡದಿದ್ದರೂ ತಕ್ಕಡಿ ಒಂದು ಕಡೆ ವಾಲುತ್ತದೆ. ಈ ವಾಲುವಿಕೆಯನ್ನು ಸರಿಪಡಿಸಬೇಕಾದದ್ದು ನಿರ್ದೇಶಕನ ಹೊಣೆ. ಪೊಲೀಸ್ ಅಧಿಕಾರಿಗಳ ಬಗ್ಗೆಯೂ ಇದೇ ಮಾತು. ಇಪ್ಪತ್ತು ವರ್ಷಗಳಿಂದ ಪತ್ರಿಕೆಗೆ, ಟಿ.ವಿ.ಗೆ, ಪುಸ್ತಕಕ್ಕೆ ಹೇಳಿ ಹೇಳಿ ಅವರ ಕಥೆ ಬಾಯಿಪಾಠವಾಗಿರುತ್ತದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಲ್ಲಾ ಗೊತ್ತು. ಪಾಲಾರಿನಲ್ಲಿ 1993ರ ಏಪ್ರಿಲ್ 9ರಂದು ನೆಲಬಾಂಬಿಗೆ ಸಿಕ್ಕಿ 22 ಜನ ಸತ್ತ ಕಥೆಯನ್ನು ಅವರು ಹೇಳಿದರೆ ಎದೆ ನಡುಗುತ್ತದೆ. ಅದರ ಹಿಂದೆ ಮುಂದೆ ಹಳ್ಳಿಗಳಲ್ಲಿ ಏನಾಯಿತು ಎಂಬಲ್ಲಿ ಬಂದಾಗ ಮಾತು ಚಿಕ್ಕದಾಗುತ್ತದೆ.

ಸಾಕ್ಷ್ಯಚಿತ್ರ ಹುಟ್ಟಿದಾಗಿನಿಂದಲೂ ಈ ಗೊಂದಲ ಇದೆ. 1922ರಲ್ಲಿ ರಾಬರ್ಟ್ ಫ್ಲಾಹರ್ಟಿ ಮಾಡಿದ ‘ನಾನೂಕ್ ಆಫ್ ದಿ ನಾರ್ತ್’ ಚಿತ್ರವನ್ನು ಎಲ್ಲರೂ ಮೊದಲ ದೊಡ್ಡ ಸಾಕ್ಷ್ಯಚಿತ್ರ ಎನ್ನುತ್ತಾರೆ. ಹಿಮದ ನಾಡಿನ ಒಂದು ಕುಟುಂಬದ ಬದುಕು ಅದರಲ್ಲಿದೆ. ಆದರೆ ನಾಯಕನ ನಿಜವಾದ ಹೆಸರು ನಾನೂಕ್ ಅಲ್ಲ. ಹಿಮದ ಮನೆಯೊಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ಅರ್ಧ ಗೋಡೆಯ ಮನೆ ಕಟ್ಟಿಸಿ ಚಿತ್ರಿಸಿದರು. ಆ ಹೊತ್ತಿಗಾಗಲೇ ಬಂದೂಕು ಬಳಸುತ್ತಿದ್ದ ಜನರ ಕೈಗೆ ಹಳೆಯ ಈಟಿ ಕೊಟ್ಟು ಬೇಟೆ ಆಡಿಸಿದರು. ಪ್ರೀತಿಯಿಂದಲೇ ಮಾಡಿದ್ದು, ಆದರೆ ನೋಡುವವರಿಗೆ ಹೇಳಲಿಲ್ಲ. ನನ್ನ ಲೆಕ್ಕದಲ್ಲಿ ಇದು ಪಕ್ಷ ವಹಿಸುವುದಕ್ಕಿಂತ ಕೆಟ್ಟದ್ದು.

ನಮ್ಮ ವಯಸ್ಸಿನವರಿಗೆ ಇನ್ನೊಂದು ನೆನಪಿರಬೇಕು. ಟೆಂಟು ಸಿನಿಮಾದಲ್ಲಿ ಎಂ.ಜಿ.ಆರ್. ಬರುವ ಮುಂಚೆ ಸರ್ಕಾರದ ವಾರ್ತಾಚಿತ್ರ ಕಡ್ಡಾಯ. 1948ರಲ್ಲಿ ಶುರುವಾದ ಫಿಲಂಸ್ ಡಿವಿಷನ್ ಅದನ್ನು ಹಲವು ಭಾಷೆಗಳಲ್ಲಿ ಕಳುಹಿಸುತ್ತಿತ್ತು. ಅಣೆಕಟ್ಟು, ಕಾರ್ಖಾನೆ, ಮಂತ್ರಿಗಳ ಕೈಕುಲುಕು. ಹಿನ್ನೆಲೆಯಲ್ಲಿ ಒಂದು ಗಂಭೀರ ದನಿ. ಆ ದನಿಗೆ ಹೆಸರಿಲ್ಲ, ಊರಿಲ್ಲ. ದೇಶವೇ ಮಾತಾಡುತ್ತಿದೆ ಎಂದು ನಾವು ನಂಬಿದ್ದೆವು. ಅಣೆಕಟ್ಟಿಗೆ ಮುಳುಗಿದ ಊರಿನವರು ಅದರಲ್ಲಿ ಬರುತ್ತಿರಲಿಲ್ಲ. ಮೆಟ್ಟೂರಿನ ನೀರು ಇಳಿದಾಗ ಹಳೆಯ ಗುಡಿಯ ನಂದಿ ತಲೆಯೆತ್ತುವುದನ್ನು ನೋಡಿದ ನಮಗೆ, ಮುಳುಗಿದ ಊರು ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಇದಕ್ಕೆ ಎದುರಾಗಿ ಆನಂದ್ ಪಟವರ್ಧನ್ ಅವರನ್ನು ಇಟ್ಟು ನೋಡಿ. 1992ರ ‘ರಾಮ್ ಕೆ ನಾಮ್’ ನೋಡಿದರೆ ಅವರು ಎಲ್ಲಿ ನಿಂತಿದ್ದಾರೆ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಅದು ದೂರದರ್ಶನದಲ್ಲಿ ಬರಲು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಅವರ ನಿಲುವನ್ನು ನೀವು ಒಪ್ಪಬಹುದು, ಬಿಡಬಹುದು, ಚಿತ್ರ ನೋಡುತ್ತಲೇ ವಾದ ಮಾಡಬಹುದು. ಹೆಸರಿಲ್ಲದ ಆ ಗಂಭೀರ ದನಿಯ ಹತ್ತಿರ ವಾದ ಮಾಡಲು ಆಗುತ್ತಿತ್ತೇ? ಹೆಚ್ಚು ಪಕ್ಷಪಾತಿ ಯಾರು, ನೀವೇ ಹೇಳಿ.

ಎರಡೂ ಕಡೆಗೆ ಸಮಪಾಲು ಸಮಯ ಕೊಟ್ಟರೆ ಮುಗಿಯಿತು ಎನ್ನುವವರಿಗೆ ನಾನು ವಾಚಾತ್ತಿಯ ಹೆಸರು ಹೇಳುತ್ತೇನೆ. ಧರ್ಮಪುರಿ ಜಿಲ್ಲೆಯ ಹರೂರಿನ ಕಡೆ, ಸಿತ್ತೇರಿ ಬೆಟ್ಟದ ತಪ್ಪಲಿನ ಹಳ್ಳಿ. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ನುಗ್ಗಿದರು. ಬೆಟ್ಟದ ಮಲಯಾಳಿ ಬುಡಕಟ್ಟಿನ 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. ಮನೆ ಮುರಿದರು, ಕಾಳುಕಡ್ಡಿ ಹಾಳು ಮಾಡಿದರು, ಹಳ್ಳಿಗರನ್ನೇ ಜೈಲಿಗೆ ಕಳುಹಿಸಿದರು. ಇಲಾಖೆಗಳು ಅಂಥದ್ದು ನಡೆದೇ ಇಲ್ಲ ಎಂದವು. 1995ರಲ್ಲಿ ಮದ್ರಾಸ್ ಹೈಕೋರ್ಟ್ ಸಿ.ಬಿ.ಐ. ತನಿಖೆಗೆ ಹೇಳಬೇಕಾಯಿತು. 269 ಜನ ಆರೋಪಿಗಳು. ಧರ್ಮಪುರಿ ನ್ಯಾಯಾಲಯ ತೀರ್ಪು ಕೊಟ್ಟದ್ದು 2011ರ ಸೆಪ್ಟೆಂಬರ್ 29ರಂದು. ಅಷ್ಟರಲ್ಲಿ 54 ಆರೋಪಿಗಳು ಸತ್ತುಹೋಗಿದ್ದರು. ಉಳಿದ 215 ಮಂದಿಯೂ ತಪ್ಪಿತಸ್ಥರು ಎಂದಾಯಿತು. ಹನ್ನೆರಡು ವರ್ಷ ಕಳೆದು ಅದೇ ಸೆಪ್ಟೆಂಬರ್ 29ರಂದು, 2023ರಲ್ಲಿ, ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿದು, ಸಂತ್ರಸ್ತ ಮಹಿಳೆಯರಿಗೆ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದಿತು.

ಈಗ ಯೋಚಿಸಿ. 1992ರ ಜುಲೈ ತಿಂಗಳಲ್ಲಿ ಒಬ್ಬ ಚಿತ್ರಕಾರ ವಾಚಾತ್ತಿಗೆ ಹೋಗಿ, ಹತ್ತು ನಿಮಿಷ ಹೆಂಗಸರ ಮಾತು, ಹತ್ತು ನಿಮಿಷ ಅಧಿಕಾರಿಗಳ ಮಾತು ಹಾಕಿ, “ಸತ್ಯ ಎಲ್ಲಿದೆಯೋ” ಎಂದು ಕೊಳಲಿನ ಸಂಗೀತದ ಮೇಲೆ ಮುಗಿಸಿದ್ದರೆ ಅದನ್ನು ನಿಷ್ಪಕ್ಷಪಾತ ಎನ್ನುತ್ತೀರಾ? ಒಂದು ಕಡೆ ಯೂನಿಫಾರಂ, ಮೇಜು, ಕಡತ, ಇಲಾಖೆಯ ಮೊಹರು. ಇನ್ನೊಂದು ಕಡೆ ಅಕ್ಷರ ಬಾರದ, ಹೆಸರು ಹೇಳಲೂ ಹೆದರುವ ಹೆಣ್ಣು. ಇಬ್ಬರಿಗೂ ಹತ್ತು ನಿಮಿಷ ಕೊಟ್ಟರೆ ಗೆಲ್ಲುವುದು ಮೇಜು. ಹತ್ತೊಂಬತ್ತು ವರ್ಷ ಆದಮೇಲೆ ನ್ಯಾಯಾಲಯ ಹೇಳಿದ್ದನ್ನು ಅಂದೇ ಹೇಳಿದವನನ್ನು ನಾವು ಪಕ್ಷಪಾತಿ ಎಂದು ಬೈಯುತ್ತಿದ್ದೆವು. ಅವನಿಗೆ ಆ ಬೈಗುಳ ತಿನ್ನುವ ಹಕ್ಕು ಇರಬೇಕು ಎಂಬುದೇ ನನ್ನ ವಾದ. ಆದರೆ ಅಧಿಕಾರಿಗಳ ಬಳಿ ಹೋಗಿ ಕೇಳದೆಯೇ ಬರಕೂಡದು. ಕೇಳಬೇಕು, ಅವರು ಹೇಳಿದ್ದನ್ನು ಹಾಕಬೇಕು, ಆಮೇಲೆ ತನಗೇಕೆ ಅದು ನಂಬಿಕೆ ಬರಲಿಲ್ಲ ಎಂಬುದನ್ನೂ ಹೇಳಬೇಕು.

ನಮ್ಮ ಸೀಮೆಯ ಪೂರ್ವಿಕರು ಇದನ್ನು ಕಲ್ಲಿನಲ್ಲಿ ಮಾಡಿ ತೋರಿಸಿದ್ದಾರೆ. ಧರ್ಮಪುರಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರೆ ವೀರಗಲ್ಲುಗಳನ್ನು ಸಾಲಾಗಿ ನಿಲ್ಲಿಸಿರುವುದು ಕಾಣುತ್ತದೆ. ತಮಿಳರು ಅದನ್ನು ‘ನಡುಕಲ್’ ಎನ್ನುತ್ತಾರೆ. ಈ ಸೀಮೆಯಲ್ಲಿ ತಮಿಳು ಶಾಸನವೂ ಇದೆ, ನೊಳಂಬರ ಕಾಲದ ಕನ್ನಡ ಶಾಸನವೂ ಇದೆ. ಆಗಿನ ಜಗಳ ಹೆಚ್ಚಾಗಿ ದನಕರುಗಳದ್ದು. ಸತ್ತವನು ದನ ಹಿಡಿಯಲು ಹೋಗಿ ಸತ್ತನೋ, ಹಿಡಿದ ದನ ಬಿಡಿಸಲು ಹೋಗಿ ಸತ್ತನೋ ಎಂಬುದನ್ನು ಕಲ್ಲು ಹೇಳುತ್ತದೆ. ಯಾವ ರಾಜನ ಆಳ್ವಿಕೆ, ಯಾರ ಆಳು ಎಂಬುದನ್ನೂ ಎಷ್ಟೋ ಕಲ್ಲುಗಳು ಹೇಳುತ್ತವೆ. ಶುದ್ಧ ಪಕ್ಷಪಾತದ ಕಲ್ಲು ಅದು. ಆದರೂ ಸಾವಿರ ವರ್ಷ ಆದಮೇಲೆ ಚರಿತ್ರೆ ಬರೆಯುವವರು ಅದನ್ನು ನಂಬಿ ಬರೆಯುತ್ತಾರೆ. ಕಾರಣ, ಆ ಕಲ್ಲು ಯಾರ ಕಡೆಯದು ಎಂಬುದು ಕಲ್ಲಿನಲ್ಲೇ ಇದೆ.

ಹೊಗೇನಕಲ್ ವಿಷಯ ಹೇಳದಿದ್ದರೆ ಈ ಪುಟದ ಓದುಗರು ನನ್ನನ್ನು ಬಿಡುವುದಿಲ್ಲ. 2008ರ ಫೆಬ್ರವರಿಯಲ್ಲಿ ಹೊಗೇನಕಲ್ ಕುಡಿಯುವ ನೀರಿನ ಯೋಜನೆಗೆ ಶಂಕುಸ್ಥಾಪನೆ ಆದಾಗ ಎದ್ದ ಗಲಾಟೆ ನೆನಪಿದೆಯಲ್ಲ. ಆಗ ನಮ್ಮ ಮನೆಯಲ್ಲಿ ಎರಡೂ ಭಾಷೆಯ ಟಿ.ವಿ. ವಾಹಿನಿಗಳು ಬರುತ್ತಿದ್ದವು. ಕನ್ನಡ ವಾಹಿನಿಗಳ ವಿಶೇಷ ವರದಿಗಳಲ್ಲಿ ನಾನು ಕಂಡದ್ದು ಜಲಪಾತ, ಹರಿಗೋಲು, ನದಿಯ ನಡುಗಡ್ಡೆ, ಗಡಿಯ ಪ್ರಶ್ನೆ. ತಮಿಳು ವಾಹಿನಿಗಳಲ್ಲಿ ಕಂಡದ್ದು ಕೊಡ ಹೊತ್ತ ಹೆಂಗಸರು, ಫ್ಲೋರೈಡ್ ನೀರು ಕುಡಿದು ಹಲ್ಲು ಕಂದುಬಣ್ಣಕ್ಕೆ ತಿರುಗಿದ ಮಕ್ಕಳು. ಎರಡರಲ್ಲೂ ಸುಳ್ಳು ದೃಶ್ಯ ಒಂದೂ ಇರಲಿಲ್ಲ. ಗಡಿಯ ತಕರಾರು ನಿಜ, ಹಲ್ಲಿನ ಕಲೆಯೂ ನಿಜ. ಆದರೆ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಆ ಬೋರ್‌ವೆಲ್ ನೀರು ಕುಡಿಯುತ್ತಿದ್ದವರಲ್ಲಿ ಕನ್ನಡ ಮನೆಮಾತಿನ ಮಕ್ಕಳೂ ಇದ್ದರು. ನನ್ನ ಮುಂದೆ ಬೆಂಚಿನಲ್ಲಿ ಕೂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದ ಹೆಣ್ಣುಮಕ್ಕಳು. ಬೆಂಗಳೂರಿನ ಕ್ಯಾಮೆರಾಕ್ಕೆ ಅವರು ಬೇಡವಾದರು, ಏಕೆಂದರೆ ಅವರ ಹಲ್ಲು ತೋರಿಸಿದರೆ ಯೋಜನೆ ಬೇಕು ಎಂದಾಗುತ್ತದೆ. ಚೆನ್ನೈಯ ಕ್ಯಾಮೆರಾಕ್ಕೂ ಬೇಡವಾದರು, ಏಕೆಂದರೆ ಅವರು ಬಾಯಿ ತೆಗೆದರೆ ಕನ್ನಡ ಬರುತ್ತದೆ. ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು, ನೀರು ಬಂತು. ಆ ಮಕ್ಕಳು ಮಾತ್ರ ಯಾವ ಚಿತ್ರದಲ್ಲೂ ಇಲ್ಲ.

ಇದೇ ನನಗೆ ಹೆಚ್ಚು ನೋವು ಕೊಡುವ ಪಕ್ಷಪಾತ. ಯಾರನ್ನು ಹೊಗಳಿದರು, ಯಾರನ್ನು ತೆಗಳಿದರು ಎಂದು ನಾವು ಜಗಳ ಮಾಡುತ್ತೇವೆ. ಯಾರನ್ನು ಕರೆಯಲೇ ಇಲ್ಲ ಎಂದು ಕೇಳುವುದಿಲ್ಲ. ವೀರಪ್ಪನ್ ಬೇಟೆಯ ಕಾಲದಲ್ಲಿ ಅತಿ ಹೆಚ್ಚು ಏಟು ತಿಂದವರಲ್ಲಿ ಕಾಡಿನ ಸೋಲಿಗರಿದ್ದಾರೆ. ಅವರ ಮಾತು ಕನ್ನಡಕ್ಕೆ ಹತ್ತಿರ, ಬದುಕು ಎರಡೂ ರಾಜ್ಯದಲ್ಲಿ. ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಆ ಕಾಲದ ಹಿಂಸೆಯ ದೂರುಗಳನ್ನು ಕೇಳಿತು, 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಹೇಳಿತು. ಸೋಲಿಗರ ಆ ಅನುಭವವನ್ನು ತಮಿಳಿನಲ್ಲಿ ಸ. ಬಾಲಮುರುಗನ್ ‘ಸೋಳಗರ್ ತೊಟ್ಟಿ’ ಎಂಬ ಕಾದಂಬರಿಯಾಗಿ 2004ರಲ್ಲೇ ಬರೆದರು. ಕನ್ನಡಕ್ಕೆ ಹತ್ತಿರದ ಮಾತಿನವರ ಗೋಳನ್ನು ಮೊದಲು ಕೇಳಿ ಬರೆದದ್ದು ತಮಿಳಿನವರು ಎಂಬುದನ್ನು ಕನ್ನಡಿಗರಾದ ನಾವು ಸ್ವಲ್ಪ ಯೋಚಿಸಬೇಕು. ದೊಡ್ಡ ಸರಣಿಗಳಲ್ಲಿ ಈ ಹಿಂಸೆಯ ಮಾತು ಬರುವುದಿಲ್ಲ ಎಂದಲ್ಲ, ಬರುತ್ತದೆ. ಆದರೆ ಅಲ್ಲಿ ಬೇಟೆಗಾರನಿದ್ದಾನೆ, ಬೇಟೆಯಿದ್ದಾನೆ, ಇವರಿಬ್ಬರ ಓಟಕ್ಕೆ ಹಳ್ಳಿ ಹಿನ್ನೆಲೆ. ಹೆಸರೇ ‘ಹಂಟ್’ ಅಲ್ಲವೇ.

ಮಾತು ಕೊಟ್ಟವರು ಆಮೇಲೂ ಅದೇ ಊರಿನಲ್ಲಿ ಇರಬೇಕು ಎಂಬುದನ್ನೂ ಮರೆಯಬಾರದು. ಚಿತ್ರತಂಡದ ವ್ಯಾನು ಹೋಗುತ್ತದೆ. ಅವರ ಮುಖ ಎಲ್ಲರ ಫೋನಿನಲ್ಲಿ ಉಳಿಯುತ್ತದೆ. ವಾಚಾತ್ತಿಯಂಥ ಪ್ರಕರಣದಲ್ಲಿ ಹೆಣ್ಣುಮಕ್ಕಳ ಹೆಸರು ಬಯಲು ಮಾಡಕೂಡದೆಂದು ಕಾನೂನೇ ಇದೆ. ಉಳಿದವರ ವಿಷಯದಲ್ಲಿ ಕಾನೂನು ಸುಮ್ಮನಿದೆ. ಚಿತ್ರ ಯಾರ ಪರವಾದರೂ ಇರಲಿ, ಮಾತಾಡಿದವರಿಗೆ ಮೊದಲು ತೋರಿಸಿ ಒಪ್ಪಿಗೆ ಪಡೆದು ಹೊರಗೆ ಬಿಡುವುದು ಕನಿಷ್ಠ ಮರ್ಯಾದೆ ಎಂದು ನಾನು ತಿಳಿದಿದ್ದೇನೆ. ಹಾಗೆಯೇ ನಟರನ್ನು ಇಟ್ಟು ತೆಗೆದ ದೃಶ್ಯಕ್ಕೆ ‘ಮರುಸೃಷ್ಟಿ’ ಎಂದು ಬರೆಯಬೇಕು, ಕೇಳಿದ ಪ್ರಶ್ನೆ ಕತ್ತರಿಸಿ ಉತ್ತರ ಮಾತ್ರ ಹಾಕಬಾರದು. ಈ ಮೂರು ತಪ್ಪಿದರೆ ಎಷ್ಟೇ ಒಳ್ಳೆಯ ಪಕ್ಷವಾದರೂ ನಾನು ಅದನ್ನು ಸಾಕ್ಷ್ಯ ಎನ್ನಲಾರೆ.

ಇನ್ನು ನಮ್ಮ ಶಾಲೆಗಳ ಮಾತು. 2006ರ ತಮಿಳು ಕಲಿಕೆ ಕಾಯಿದೆ ಬಂದಮೇಲೆ ಒಂದನೆಯ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಗಿ ಮೇಲೇರಿತು. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ, ಉಪಾಧ್ಯಾಯರಿಗೆ ಅದರಿಂದ ಆದ ತೊಂದರೆ ಈ ಪುಟದಲ್ಲಿ ಬೇಕಾದಷ್ಟು ಬಂದಿದೆ, ಮತ್ತೆ ಹೇಳುವುದಿಲ್ಲ. ಆದರೆ ಆ ತೊಂದರೆಯಿಂದಲೇ ನಮ್ಮ ಮಗು ಎರಡು ಲಿಪಿ ಓದುತ್ತದೆ. ಬೆಂಗಳೂರಿನ ಮಗು ರಾಜ್‌ಕುಮಾರ್ ಅವರ 108 ದಿನಗಳ ಕಥೆಯನ್ನು ಕನ್ನಡದಲ್ಲಿ ಮಾತ್ರ ಕೇಳುತ್ತದೆ, ಚೆನ್ನೈಯ ಮಗು ತಮಿಳಿನಲ್ಲಿ ಮಾತ್ರ. ನಮ್ಮದು ಎರಡನ್ನೂ ಪಕ್ಕದಲ್ಲಿಟ್ಟು ನೋಡಬಲ್ಲದು. ಇಷ್ಟು ಶಕ್ತಿಯಿದ್ದೂ ನಾವು ಅದಕ್ಕೆ ಏನು ಕಲಿಸುತ್ತಿದ್ದೇವೆ? ತಮಿಳು ಪಾಠದಲ್ಲಿ ಉತ್ತೀರ್ಣನಾಗು, ಕನ್ನಡವನ್ನು ಮರೆಯಬೇಡ, ಇಷ್ಟೇ.

ಆ ಸರಣಿಗಳನ್ನು ತರಗತಿಯಲ್ಲಿ ತೋರಿಸಿ ಎಂದು ನಾನು ಹೇಳುತ್ತಿಲ್ಲ. ರಕ್ತ ಹೆಚ್ಚು, ಮಕ್ಕಳಿಗೆ ತಕ್ಕದ್ದಲ್ಲ. 2000ದ ಆಗಸ್ಟ್ ತಿಂಗಳ ಒಂದು ಕನ್ನಡ ಪತ್ರಿಕೆ, ಅದೇ ದಿನದ ಒಂದು ತಮಿಳು ಪತ್ರಿಕೆ ಸಿಕ್ಕಿದರೆ ಸಾಕು. ಜಿಲ್ಲಾ ಗ್ರಂಥಾಲಯಗಳಲ್ಲಿ ಕೇಳಿ ನೋಡಿ, ಹಳೆಯ ಮನೆಗಳ ಅಟ್ಟದಲ್ಲೂ ಇರುತ್ತದೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಎರಡನ್ನೂ ಕೊಟ್ಟು ಕ್ರಿಯಾಪದಗಳ ಕೆಳಗೆ ಗೆರೆ ಹಾಕಿಸಿ. ಯಾರಿಗೆ ‘ಬಂದ’, ಯಾರಿಗೆ ‘ಬಂದರು’. ಯಾವ ವಾಕ್ಯದಲ್ಲಿ ಕರ್ತೃವೇ ಇಲ್ಲ. ಫೋಟೋ ಯಾರದು, ಯಾರದು ಇಲ್ಲ. ಒಂದು ಪೀರಿಯಡ್ಡಿನ ಕೆಲಸ. ವ್ಯಾಕರಣವೂ ಆಯಿತು, ಮುಂದೆ ಅವರು ಯಾವ ಚಿತ್ರ ನೋಡಿದರೂ ಅದನ್ನು ಹಿಡಿಯುವ ಉಪಾಯವೂ ಆಯಿತು.

ಎರಡನೆಯ ಕೆಲಸ ಸ್ವಲ್ಪ ದೊಡ್ಡದು. ಪೆನ್ನಾಗರದ ಕಡೆ, ಮೆಟ್ಟೂರು ಕೊಳತ್ತೂರಿನ ಕಡೆ, ಸೇಲಂ ನಗರದ ದೇವಾಂಗ ಮಗ್ಗದ ಬೀದಿಗಳಲ್ಲಿ, ಕನ್ನಡ ಮನೆಮಾತಿನ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ಬರ ಬಂದ ವರ್ಷ, ಮೆಟ್ಟೂರಿನ ನೀರು, ಕಾಡಿನ ಆ ದಿನಗಳು ಎಲ್ಲ ಅವರಿಗೆ ನೆನಪಿದೆ. ಈಗ ಪ್ರತಿ ಮನೆಯಲ್ಲೂ ಕ್ಯಾಮೆರಾ ಇರುವ ಫೋನು ಇದೆ. ರಜೆಯಲ್ಲಿ ಮಕ್ಕಳು ಒಬ್ಬೊಬ್ಬರು ಒಂದು ಗಂಟೆಯ ಮಾತು ಹಿಡಿಯಲಿ. ಶುರುವಿನಲ್ಲೇ ಮಗು ತನ್ನ ಹೆಸರು, ಅಜ್ಜಿಗೆ ತಾನು ಏನಾಗಬೇಕು, ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಿದೆ ಎಂಬುದನ್ನು ಹೇಳಲಿ. ಪ್ರಶ್ನೆಯನ್ನು ಕತ್ತರಿಸದೆ ಇಡಲಿ. ಅಜ್ಜಿ ನಡುವೆ ತಮಿಳಿಗೆ ಹೊರಳಿದರೆ ತಡೆಯಬೇಡಿ. ‘ಹೊಡೆದ್ರು’ ಎಂದಷ್ಟೇ ಹೇಳಿ ನಿಲ್ಲಿಸಿದರೆ ‘ಯಾರು’ ಎಂದು ಒಂದು ಸಲ ಕೇಳಿ, ಹೇಳದಿದ್ದರೆ ಮತ್ತೆ ಕೇಳಬೇಡಿ. ಹಿಡಿದದ್ದನ್ನು ಮೊದಲು ಆ ಅಜ್ಜಿಗೇ ತೋರಿಸಿ. ನಮ್ಮಂಥ ನಿವೃತ್ತ ಉಪಾಧ್ಯಾಯರು ನಾಲ್ಕೈದು ಜನ ಕೂತರೆ ಅದನ್ನು ಬರಹಕ್ಕೆ ಇಳಿಸಬಹುದು, ಕನ್ನಡದಲ್ಲಿ ಒಂದು ಪ್ರತಿ, ತಮಿಳಿನಲ್ಲಿ ಒಂದು ಪ್ರತಿ. ದಸರಾ ರಜೆಗೆ ಮುಂಚೆ ಯಾವ ಶಾಲೆಯವರಾದರೂ ಕರೆದರೆ ನಾನು ಬಸ್ಸು ಹತ್ತಿ ಬರುತ್ತೇನೆ.